ಕಲ್ಲಿಗೆ ವಿಳಾಸ ಕೊಟ್ಟ ರೈಸ್ ಸಾಹೇಬರು

ಪ್ರಾಜೆಕ್ಟ್ ರಿಪೋರ್ಟ್ ಕಳಿಸೋ ದಿನ ನಮ್ಮೆಲ್ಲರಿಗೂ ಎದುರಾಗುವ ಗೋಡೆ ಒಂದೇ. ಫೈಲ್ ದೊಡ್ಡದು, ಮೇಲ್ ಹೋಗಲ್ಲ. ಜಿಮೇಲ್‌ನಲ್ಲಿ ಒಂದು ಮೇಲ್‌ನ ಮಿತಿ 25 ಎಂಬಿ. ಆದರೆ ನಿಮ್ಮ ಫೈಲ್ 20 ಎಂಬಿ ಇದ್ದರೂ ಅದು ಆಚೆ ಹೋಗದೆ ಇರಬಹುದು. ಕಾರಣ ಸರಳ. ಇಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸೋಕೆ. ಫೋಟೋ, ಪಿಡಿಎಫ್ ಇವನ್ನೆಲ್ಲ ಅದರಲ್ಲಿ ತುರುಕಬೇಕಾದರೆ ಮೊದಲು ಅಕ್ಷರಗಳಾಗಿ ಬದಲಿಸಬೇಕು. ಬೇಸ್64 ಅನ್ನೋ ಆ ಪದ್ಧತಿಯಲ್ಲಿ ಮೂರು ಬೈಟ್ ಹೋಗಿ ನಾಲ್ಕು ಅಕ್ಷರ ಆಗುತ್ತೆ. ಅಂದರೆ ಫೈಲ್ ಮೂರನೇ ಒಂದು ಭಾಗದಷ್ಟು ಊದಿಕೊಳ್ಳುತ್ತೆ. 25 ಎಂಬಿ ಮಿತಿಯೊಳಗೆ ನಿಜವಾಗಿ ಹಿಡಿಸೋದು ಸುಮಾರು 18 ಎಂಬಿ ಮಾತ್ರ. ಅದನ್ನು ಕ್ಲಾಸಿನ 60 ಜನಕ್ಕೆ ಕಳಿಸಿದರೆ 60 ಇನ್‌ಬಾಕ್ಸ್‌ಗಳಲ್ಲಿ 60 ಪ್ರತಿ. ಅದರ ಬದಲು ಫೈಲನ್ನು ಒಂದು ಕಡೆ ಇಟ್ಟು ಲಿಂಕ್ ಕಳಿಸಿದರೆ ಒಂದು ಸಾಲಿನಲ್ಲಿ ಕೆಲಸ ಮುಗೀತು. ಆದರೆ ಲಿಂಕ್‌ಗೂ ಅದರದ್ದೇ ರೋಗ ಇದೆ. ಪರ್ಮಿಷನ್ ಇಲ್ಲ ಅನ್ನುತ್ತೆ. ಎರಡು ವರ್ಷ ಬಿಟ್ಟು ಒತ್ತಿದರೆ ಅಲ್ಲಿ ಏನೂ ಇರಲ್ಲ.

ವಸ್ತುವನ್ನೇ ಕಳಿಸೋದಾ, ಅದು ಇರುವ ಜಾಗದ ವಿಳಾಸ ಕಳಿಸೋದಾ? ಈ ಪ್ರಶ್ನೆ ಕಂಪ್ಯೂಟರ್‌ಗಿಂತ ಬಹಳ ಹಳೆಯದು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಂಡೆಗಳ ಮಧ್ಯೆ ಇದೇ ಪ್ರಶ್ನೆಯನ್ನು ಎದುರಿಸಿ, ಇವತ್ತಿಗೂ ಕೆಲಸ ಮಾಡುವ ಉತ್ತರ ಕೊಟ್ಟು ಹೋದವರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡದವರು ಅವರನ್ನು ಶಾಸನ ಪಿತಾಮಹ ಅಂತ ಕರೆಯುತ್ತಾರೆ. ಎಂಜಿನಿಯರಿಂಗ್ ಓದುವ ನಮಗೆ ಅವರ ಬದುಕಿನಲ್ಲಿ ಏನಿದೆ ಅಂತ ಕೇಳಿದರೆ, ಬಹಳ ಇದೆ.

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರ ಜುಲೈನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ, ಅವರ ಹೆಸರೂ ಬೆಂಜಮಿನ್ ರೈಸ್. ಅವೆನ್ಯೂ ರಸ್ತೆಯಲ್ಲಿ ಓಡಾಡಿದವರು ರೈಸ್ ಮೆಮೋರಿಯಲ್ ಚರ್ಚ್ ನೋಡಿರುತ್ತೀರಿ, ಅದು ಆ ತಂದೆಯ ನೆನಪಿನದು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಎಡ್ವರ್ಡ್ ಪಿ. ರೈಸ್ ಇವರ ತಮ್ಮ. ಹುಡುಗ ಇಂಗ್ಲೆಂಡಿಗೆ ಹೋಗಿ ಓದಿ 1860ರಲ್ಲಿ ವಾಪಸ್ ಬಂದ. ಬಂದವನಿಗೆ ಸಿಕ್ಕ ಕೆಲಸ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥನದು. ಮುಂದೆ ಸೆಂಟ್ರಲ್ ಕಾಲೇಜ್ ಆಗಿ ಬೆಳೆದದ್ದು ಆ ಶಾಲೆಯೇ.

1865ರಲ್ಲಿ ರೈಸ್ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. 1868ರಲ್ಲಿ ವಿದ್ಯಾ ಇಲಾಖೆಯ ಡೈರೆಕ್ಟರ್ ಜವಾಬ್ದಾರಿ ಬಂತು. ಹೋಬಳಿಗೊಂದು ಶಾಲೆ ಅನ್ನೋ ಯೋಜನೆ ಆಗ ಬಂದದ್ದು, ಅದರ ಹಿಂದೆ ಇದ್ದವರು ಇವರು. ಅಲ್ಲಿಯವರೆಗೆ ಸರ್ಕಾರಿ ಶಾಲೆ ಅಂದರೆ ಪಟ್ಟಣದ ವಿಷಯ. ಹೋಬಳಿ ಮಟ್ಟಕ್ಕೆ ಅಕ್ಷರ ಇಳಿಯಬೇಕು ಅಂದರೆ ಅಧಿಕಾರಿ ಹೋಬಳಿಗಳನ್ನು ಸುತ್ತಬೇಕು. ಸುತ್ತಿದರು. ಸುತ್ತುವವರಿಗೆ ನಮ್ಮ ಸೀಮೆಯಲ್ಲಿ ಕಾಣೋದು ಏನು? ಊರ ಬಾಗಿಲಲ್ಲಿ ಒಂದು ವೀರಗಲ್ಲು, ಕೆರೆ ಏರಿ ಮೇಲೆ ಒಂದು ಬರಹದ ಕಲ್ಲು, ಗುಡಿ ಮುಂದೆ ಸೂರ್ಯ ಚಂದ್ರರ ಗುರುತಿನ ದಾನದ ಕಲ್ಲು. ಊರಿನವರಿಗೆ ಅದು ಅಜ್ಜನ ಕಾಲದಿಂದ ಇರೋ ಕಲ್ಲು, ಅಷ್ಟೇ. ಓದೋಕೆ ಬರುವವರು ಇರಲಿಲ್ಲ. ಅಕ್ಷರ ಹಳಗನ್ನಡದ್ದು, ತಿರುವುಗಳೇ ಬೇರೆ.

ಇಲ್ಲಿ ಕಥೆಗೆ ಮೊದಲ ಅಟ್ಯಾಚ್‌ಮೆಂಟ್ ಬರುತ್ತೆ. 1865ರ ಹೊತ್ತಿಗೆ ಮೇಜರ್ ಡಿಕ್ಸನ್ ಅನ್ನುವ ಅಧಿಕಾರಿ ಸರ್ಕಾರದ ಪರವಾಗಿ ಮೈಸೂರು ಸೀಮೆಯ ಕೆಲವು ಶಾಸನಗಳ ಫೋಟೋ ತೆಗೆದಿದ್ದರು. ಆ ಫೋಟೋಗಳು ರೈಸ್ ಕೈಗೆ ಬಂದವು, ಅನುವಾದ ಮಾಡಿಕೊಡಿ ಅಂತ. ಆ ಕಾಲಕ್ಕೆ ಅದು ಹೊಸ ತಂತ್ರಜ್ಞಾನ. ಆದರೆ ಫೋಟೋ ಅನ್ನೋದು ಒಂದು ಕೋನದಿಂದ, ಒಂದು ಬೆಳಕಿನಲ್ಲಿ ತೆಗೆದ ಪ್ರತಿ. ಸವೆದ ಅಕ್ಷರ ಅದರಲ್ಲಿ ಬೀಳದಿದ್ದರೆ ಬೀಳಲಿಲ್ಲ, ಮುಗೀತು. ಈಗ ವಾಟ್ಸಾಪ್‌ನಲ್ಲಿ ಕಳಿಸಿದ ನೋಟ್ಸ್ ಫೋಟೋ ಕಂಪ್ರೆಸ್ ಆಗಿ ಸರ್ಕ್ಯೂಟಿನ ಬೆಲೆಗಳೇ ಕಾಣದೆ ಹೋಗುತ್ತಲ್ಲ, ಹಾಗೆ. ಪ್ರತಿ ನೋಡಿ ಅನುಮಾನ ಬಂದರೆ ಮೂಲಕ್ಕೇ ಹೋಗಬೇಕು. ಮೂಲ ಎಲ್ಲಿದೆ ಅಂತ ಗೊತ್ತಿರಬೇಕು. ಆ ಫೋಟೋಗಳ ಜೊತೆಗೆ ತಾವೂ ಸೇರಿಸಿದ ಶಾಸನಗಳನ್ನು ಇಟ್ಟುಕೊಂಡು ರೈಸ್ 1879ರಲ್ಲಿ ಮೈಸೂರು ಶಾಸನಗಳ ಮೊದಲ ಪುಸ್ತಕ ತಂದರು. ಅಷ್ಟರೊಳಗೆ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದು ಮುಗಿಸಿದ್ದರು. 1881ರ ಜನಗಣತಿಯ ಹೊಣೆಯೂ ಅವರ ತಲೆ ಮೇಲೆ ಬಂತು.

1880ರ ದಶಕದ ನಡುವಿನಲ್ಲಿ ಮೈಸೂರಿನಲ್ಲಿ ಪುರಾತತ್ವ ಇಲಾಖೆ ಶುರುವಾಯ್ತು. ರೈಸ್ ಮೊದಲು ಬೇರೆ ಕೆಲಸಗಳ ಜೊತೆಗೆ ಅದನ್ನು ನೋಡಿಕೊಂಡರು, 1890ರಿಂದ ಪೂರ್ತಿ ಅದಕ್ಕೇ ಕೂತರು. ಸಂಸ್ಥಾನದಲ್ಲಿರುವ ಶಾಸನಗಳನ್ನೆಲ್ಲ ತಾಲೂಕು ತಾಲೂಕು ಹುಡುಕಿ, ಓದಿ, ಅಚ್ಚು ಹಾಕಬೇಕು. ಅದೇ ಎಪಿಗ್ರಾಫಿಯಾ ಕರ್ನಾಟಿಕ. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ 1905ರ ಹೊತ್ತಿಗೆ 12 ಸಂಪುಟ ಬಂದವು. ಒಟ್ಟು ಶಾಸನಗಳು ಒಂಬತ್ತು ಸಾವಿರದ ಹತ್ತಿರ ಹತ್ತಿರ. ನಮ್ಮ ತುಮಕೂರು ಜಿಲ್ಲೆಯದು 12ನೇ ಸಂಪುಟ, 1904ರದು.

ಈಗ ಸಮಸ್ಯೆಯನ್ನು ಎಂಜಿನಿಯರ್ ಕಣ್ಣಿನಿಂದ ನೋಡಿ. ಒಂಬತ್ತು ಸಾವಿರ ಮೂಲಪ್ರತಿಗಳು. ಬಹುಪಾಲು ಕಲ್ಲು. ಕೆಲವು ಆಳೆತ್ತರದ ಚಪ್ಪಡಿ, ಕೆಲವು ಗುಡಿಯ ಗೋಡೆ, ಕೆಲವು ಬೆಟ್ಟದ ಹಾಸುಬಂಡೆ. ಎತ್ತಿ ಬೆಂಗಳೂರಿಗೆ ತರೋಕೆ ಆಗಲ್ಲ. ತಂದರೂ ತರಬಾರದು. ದಾನದ ಕಲ್ಲು ಆ ಹೊಲದ ಎಲ್ಲೆಯಲ್ಲಿ ನಿಂತರೇ ಅದಕ್ಕೆ ಅರ್ಥ. ವೀರಗಲ್ಲು ಆ ಊರಿನ ತುರುಗಳಿಗಾಗಿ ಸತ್ತವನದು, ಬೇರೆ ಊರಿನಲ್ಲಿ ಅದು ಬರೀ ಕೆತ್ತನೆ. ಕಲ್ಲನ್ನು ಕಳಿಸೋಕಾಗಲ್ಲ ಅಂದರೆ ಇನ್ನೇನು ಕಳಿಸೋದು?

ರೈಸ್ ಎರಡನ್ನೂ ಮಾಡಿದರು. ಮೊದಲನೆಯದು ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಕುಳಿಗಳೊಳಗೆ ಕಾಗದ ಇಳಿಯೋ ಹಾಗೆ ಮಾಡಿ, ಮೇಲೆ ಮಸಿ ಒತ್ತುತ್ತಾರೆ. ಕಪ್ಪು ಕಾಗದದ ಮೇಲೆ ಅಕ್ಷರ ಬಿಳಿಯಾಗಿ ನಿಲ್ಲುತ್ತೆ. ಟನ್ ತೂಕದ ಕಲ್ಲು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳೋ ಕಾಗದ ಆಯ್ತು. ಇದರ ಹಿಂದೆ ಪಂಡಿತರ, ಸಹಾಯಕರ ತಂಡವೇ ದುಡಿದಿದೆ. 1899ರಲ್ಲಿ ಸೇರಿದ ಆರ್. ನರಸಿಂಹಾಚಾರ್ಯರು ಅವರಲ್ಲಿ ಒಬ್ಬರು, ಮುಂದೆ ಕರ್ನಾಟಕ ಕವಿಚರಿತೆ ಬರೆದವರು. ಸಂಪುಟದಲ್ಲಿ ಪಠ್ಯವನ್ನು ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ, ಹೀಗೆ ಮೂರು ರೂಪದಲ್ಲಿ ಕೊಟ್ಟರು. ಅಟ್ಯಾಚ್‌ಮೆಂಟ್‌ನ ಭಾಗ ಇದು.

ಎರಡನೆಯದು ವಿಳಾಸ. ಪ್ರತಿ ಶಾಸನಕ್ಕೂ ತಾಲೂಕಿನ ಹೆಸರು ಮತ್ತು ಒಂದು ಸಂಖ್ಯೆ. ಅದರ ಜೊತೆ ಊರು ಯಾವುದು, ಊರಿನಲ್ಲಿ ಎಲ್ಲಿ, ಗುಡಿಯ ಮುಂದೋ, ಕೆರೆ ಹತ್ತಿರವೋ, ಯಾವ ಕಡೆಗೋ, ಅದೂ ಬರೆದಿರುತ್ತೆ. ಜಿಲ್ಲೆಯ ಸಂಪುಟ, ಒಳಗೆ ತಾಲೂಕು, ಒಳಗೆ ಸಂಖ್ಯೆ, ಒಳಗೆ ಊರು ಮತ್ತು ಜಾಗ. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟ ಪಾತ್ ನೋಡಿದ ಹಾಗೇ ಇದೆ, ಅಲ್ವಾ? ಉದಾಹರಣೆಗೆ ಪಾವಗಡ 52 ಅಂದರೆ ಸಾಕು. ಜಗತ್ತಿನ ಯಾವ ಮೂಲೆಯ ಇತಿಹಾಸಕಾರನಿಗೂ ಅದು ನಿಡುಗಲ್ಲಿನ ಶಾಸನ ಅಂತ ಗೊತ್ತಾಗುತ್ತೆ. ನಿಡುಗಲ್ಲಿನ ಚೋಳ ಅರಸು ಇರುಂಗೋಳನ ಕಾಲದಲ್ಲಿ, 1232ರಲ್ಲಿ, ಗಂಗೆಯನ ಮಾರ ಅನ್ನುವವನು ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿ ಕಟ್ಟಿಸಿದ ಸಂಗತಿ ಅದರಲ್ಲಿದೆ. ಈಗ ಪಾವಗಡ ಅಂದರೆ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನೆನಪಾಗುತ್ತೆ. ಆದರೆ ಇತಿಹಾಸದ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ಪಾವಗಡ ಬದುಕಿರೋದು ಈ ಸಂಖ್ಯೆಗಳಿಂದ.

ಕೊರಟಗೆರೆಯವರು ಈ ಸಂಪುಟ ತೆಗೆದು ನಮ್ಮ ತಾಲೂಕೇ ಇಲ್ಲವಲ್ಲ ಅಂತ ಸಿಟ್ಟಾಗೋದು ಬೇಡ. ಆಗ ಕೊರಟಗೆರೆ ಮಧುಗಿರಿಯ ಕೆಳಗಿನ ಉಪತಾಲೂಕು. ಮಧುಗಿರಿಗೂ ಆಗ ಮದ್ದಗಿರಿ ಅನ್ನೋ ಹೆಸರೇ ನಡೀತಿತ್ತು. ಹಾಗಾಗಿ ಕೊರಟಗೆರೆ ಕಡೆಯ ಶಾಸನ ಹುಡುಕುವವರು ಮದ್ದಗಿರಿಯ ಭಾಗ ತೆಗೆಯಬೇಕು. ವಿಳಾಸ ಕೊಡುವ ಪದ್ಧತಿಯ ದೊಡ್ಡ ತೊಂದರೆ ಇಲ್ಲೇ ಕಾಣುತ್ತೆ ನೋಡಿ. ಕಲ್ಲು ಕದಲಿಲ್ಲ, ಅಕ್ಷರ ಅಳಿಸಿಲ್ಲ, ಆದರೂ ಮೇಲಿನ ಫೋಲ್ಡರಿನ ಹೆಸರು ಬದಲಾಯ್ತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಸಂಪುಟಗಳನ್ನು ಪರಿಷ್ಕರಿಸಿ ತರೋಕೆ ಶುರು ಮಾಡಿದಾಗ ಸಂಪುಟದ ಕ್ರಮವೂ ಸಂಖ್ಯೆಗಳೂ ಹೊಸದಾದವು. ಅದಕ್ಕೇ ಸಂಶೋಧಕರು ಹೊಸ ಸಂಪುಟದ ಉಲ್ಲೇಖಕ್ಕೆ ಪರಿಷ್ಕೃತ ಅನ್ನೋ ಗುರುತು ಹಾಕುತ್ತಾರೆ. ಹಾಕದಿದ್ದರೆ ಓದುಗ ಬೇರೆಯೇ ಊರಿನ ಕಲ್ಲಿನ ಮುಂದೆ ಹೋಗಿ ನಿಲ್ಲಬೇಕಾಗುತ್ತೆ. ವರ್ಷನ್ ನಂಬರ್ ಯಾಕೆ ಬೇಕು ಅಂತ ಸಾಫ್ಟ್‌ವೇರ್ ಕ್ಲಾಸಿನಲ್ಲಿ ಕೇಳುವವರಿಗೆ ಇದು ಒಳ್ಳೆಯ ಉತ್ತರ.

ಕಲ್ಲಿನ ಜೊತೆಗೆ ಇನ್ನೊಂದು ಬಗೆಯ ಶಾಸನ ಇದೆ, ತಾಮ್ರದ್ದು. ಅರಸ ದಾನ ಕೊಟ್ಟಾಗ ಮೂರೋ ಐದೋ ತಾಮ್ರದ ತಗಡುಗಳ ಮೇಲೆ ಬರೆಸಿ, ಬಳೆ ಪೋಣಿಸಿ, ಮುದ್ರೆ ಒತ್ತಿ, ದಾನ ಪಡೆದವನ ಕೈಗೇ ಕೊಡೋದು. ಅವನು ಎಲ್ಲಿಗೆ ಹೋದರೂ ಅದು ಜೊತೆಗೆ ಹೋಗುತ್ತೆ, ಪೆಟ್ಟಿಗೆಯಲ್ಲಿ ತಲೆಮಾರುಗಳ ಕಾಲ ಇರುತ್ತೆ. ಇದು ನಿಜವಾದ ಅಟ್ಯಾಚ್‌ಮೆಂಟ್. ಕೊಂಡೊಯ್ಯಬಹುದು ಅನ್ನೋದು ಅದರ ಗುಣ. ಯಾರು ಕಳಿಸಿದ್ದು ಅಂತ ಖಾತ್ರಿ ಇಲ್ಲ ಅನ್ನೋದು ಅದರ ದೋಷ. ಊರ ನಡುವೆ ನಿಂತ ಕಲ್ಲನ್ನು ಎಲ್ಲರೂ ನೋಡುತ್ತಿರುತ್ತಾರೆ, ರಾತ್ರೋರಾತ್ರಿ ಸುಳ್ಳು ಕಲ್ಲು ನೆಡೋದು ಕಷ್ಟ. ಮನೆಯೊಳಗಿನ ತಗಡನ್ನು ಜಮೀನಿನ ಆಸೆಗೆ ಮುಂದೆ ಯಾರೋ ಹೊಸದಾಗಿ ಬರೆಸಿರಬಹುದು.

ರೈಸ್ ಬದುಕಿನ ದೊಡ್ಡ ಜಗಳ ಇದರ ಮೇಲೇ ನಡೆದದ್ದು. ಗಂಗ ಅರಸರದ್ದು ಅನ್ನುವ ಅನೇಕ ತಾಮ್ರಪಟಗಳನ್ನು ರೈಸ್ ಪ್ರಕಟಿಸಿ, ಅವುಗಳ ಮೇಲೆ ಗಂಗರ ವಂಶಾವಳಿ ಕಟ್ಟಿದರು. ಜೆ. ಎಫ್. ಫ್ಲೀಟ್ ಅನ್ನುವ ಇನ್ನೊಬ್ಬ ಘಟಾನುಘಟಿ ವಿದ್ವಾಂಸರು ಅವುಗಳಲ್ಲಿ ಬಹಳಷ್ಟು ಕೂಟ ಶಾಸನಗಳು, ಅಂದರೆ ಖೋಟಾ, ಅಂತ ವಾದಿಸಿದರು. ಅಕ್ಷರದ ರೂಪ ಆ ಕಾಲದ್ದಲ್ಲ, ತಿಥಿ ವಾರ ಕೂಡಲ್ಲ, ಇಂಥ ಪರೀಕ್ಷೆಗಳು ಫ್ಲೀಟ್ ಅವರದು. ವರ್ಷಗಟ್ಟಲೆ ಇಬ್ಬರೂ ಪತ್ರಿಕೆಗಳಲ್ಲಿ ಕಾದಾಡಿದರು. ಶ್ರವಣಬೆಳಗೊಳದ ಶಾಸನ ಮುಂದಿಟ್ಟುಕೊಂಡು ಚಂದ್ರಗುಪ್ತ ಮೌರ್ಯ ಭದ್ರಬಾಹುವಿನ ಜೊತೆ ಅಲ್ಲಿಗೆ ಬಂದಿದ್ದ ಅನ್ನೋ ಮಾತನ್ನು ರೈಸ್ ಒಪ್ಪಿದರು, ಫ್ಲೀಟ್ ಒಪ್ಪಲಿಲ್ಲ. ಯಾರು ಗೆದ್ದರು ಅನ್ನೋದಕ್ಕಿಂತ ಮುಖ್ಯವಾದ ವಿಷಯ ಒಂದಿದೆ. ಆ ಜಗಳ ಸಾಧ್ಯವಾದದ್ದೇ ರೈಸ್ ತಮ್ಮ ತೀರ್ಮಾನದ ಜೊತೆಗೆ ಮೂಲಪಠ್ಯವನ್ನೂ ಅದು ಇರುವ ಜಾಗವನ್ನೂ ಕೊಟ್ಟಿದ್ದರಿಂದ. ಬರೀ ಕಥೆ ಬರೆದು ನಂಬಿ ಅಂದಿದ್ದರೆ ಫ್ಲೀಟ್ ಪರೀಕ್ಷೆ ಮಾಡೋಕೆ ಏನೂ ಇರುತ್ತಿರಲಿಲ್ಲ. ತನ್ನನ್ನು ತಪ್ಪು ಅಂತ ತೋರಿಸೋಕೆ ಬೇಕಾದ ಸಾಮಾನನ್ನು ತಾನೇ ಒದಗಿಸೋದು ದೊಡ್ಡ ಗುಣ. ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ರೀಡಿಂಗ್ ಬಿಟ್ಟು ಬರೀ ಗ್ರಾಫ್ ಅಂಟಿಸುವವರು ಇದನ್ನು ಸ್ವಲ್ಪ ಯೋಚಿಸಬಹುದು.

ಈ ಜಗಳದ ಕೊನೆಯ ಒಂದು ಭಾಗ ನಮ್ಮ ಗಡಿಗೇ ಸೇರಿದ್ದು. ಮಧುಗಿರಿ, ಪಾವಗಡದ ಆಚೆ ಆಂಧ್ರಕ್ಕೆ ಸೇರಿದ ಪೆನುಕೊಂಡದ ಹೆಸರಿನಲ್ಲಿ ಗಂಗ ಅರಸ ಮಾಧವನ ಒಂದು ತಾಮ್ರಶಾಸನ ಬೆಳಕಿಗೆ ಬಂತು. ಗಂಗರ ಪಟಗಳನ್ನು ಅಷ್ಟು ಅನುಮಾನಿಸಿದ ಫ್ಲೀಟ್ ಇದನ್ನು ಅಸಲಿ ಅಂತ ಒಪ್ಪಿದರು. ಅದನ್ನು ಎಪಿಗ್ರಾಫಿಯಾ ಇಂಡಿಕಾಗೆ ಸಂಪಾದಿಸಿಕೊಟ್ಟವರು ನಿವೃತ್ತರಾಗಿ ಇಂಗ್ಲೆಂಡಿನಲ್ಲಿದ್ದ ರೈಸ್.

ಪಾವಗಡದಿಂದ ಇನ್ನೂ ಉತ್ತರಕ್ಕೆ ಹೋದರೆ ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರ. ರೈಸ್ ಹೆಸರು ಭಾರತದ ತುಂಬ ಹರಡಿದ್ದು ಅಲ್ಲಿಂದ. 1890ರ ದಶಕದ ಆರಂಭದಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಜಾಗದ ಬಂಡೆಗಳ ಮೇಲೆ ಅಶೋಕನ ಶಾಸನ ಇರೋದನ್ನು ಅವರು ಬೆಳಕಿಗೆ ತಂದರು. ಅಶೋಕನ ಅಧಿಕಾರ ಮೈಸೂರು ಸೀಮೆಯವರೆಗೂ ಚಾಚಿತ್ತು ಅನ್ನೋದಕ್ಕೆ ಅದು ಗಟ್ಟಿ ಸಾಕ್ಷಿ ಆಯ್ತು. ಅದರ ಒಕ್ಕಣೆ ಇನ್ನೂ ಸ್ವಾರಸ್ಯ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ, ಆಮೇಲೆ ರಾಜನ ಆಜ್ಞೆಯನ್ನು ದಾಟಿಸುತ್ತಾರೆ. ಕಳಿಸಿದವರು ಯಾರು, ಯಾರಿಗೆ, ಕೆಳಗೆ ಮೂಲ ಸಂದೇಶ. ಫಾರ್ವರ್ಡ್ ಮಾಡಿದ ಮೇಲ್ ಅಂದರೆ ಇದೇ ಅಲ್ವಾ? ಒಂದೇ ಸಂದೇಶ ಹತ್ತಿರ ಹತ್ತಿರದ ಮೂರು ಕಡೆ ಕೊರೆದಿರೋದರಿಂದ ಒಂದರಲ್ಲಿ ಸವೆದದ್ದನ್ನು ಇನ್ನೊಂದರಿಂದ ತುಂಬಿಕೊಂಡು ಓದಬಹುದು. ಬ್ಯಾಕಪ್ ಮೂರು ಕಡೆ ಇರಲಿ ಅಂತ ಈಗ ನಮಗೆ ಹೇಳಿಕೊಡುವುದರಲ್ಲಿ ಹೊಸದೇನೂ ಇಲ್ಲ. ಬರೆದವನ ಹೆಸರು ಚಪಡ ಅಂತ ಕೊನೆಗೆ ಇದೆ. ಲಿಪಿಕಾರ ಅನ್ನುವ ಪದ ಬರುವ ಕಡೆ ಅವನು ವಾಯವ್ಯದ ಖರೋಷ್ಠಿ ಲಿಪಿ ಬಳಸಿದ್ದಾನೆ. ಸುಮಾರು ಎರಡು ಸಾವಿರದ ಇನ್ನೂರೈವತ್ತು ವರ್ಷದ ಹಿಂದಿನ ಸಹಿ ಅದು.

1906ರಲ್ಲಿ ರೈಸ್ ನಿವೃತ್ತರಾದರು. ನರಸಿಂಹಾಚಾರ್ಯರು ಅವರ ಜಾಗಕ್ಕೆ ಬಂದರು. ಗುರುವಿನ ಕೆಲಸವನ್ನು ಶಿಷ್ಯ ತಿದ್ದಿದರು ಕೂಡ. ಶ್ರವಣಬೆಳಗೊಳದ ಸಂಪುಟವನ್ನು ಮತ್ತೆ ಕಲ್ಲುಗಳ ಹತ್ತಿರ ಹೋಗಿ ನೋಡಿ, ಹೊಸವನ್ನು ಸೇರಿಸಿ 1923ರಲ್ಲಿ ತಂದರು. ವಿಳಾಸ ಇದ್ದದ್ದರಿಂದಲೇ ಅದು ಆಯ್ತು. ರೈಸ್ ಕೈ ಬರೀ ಶಾಸನಕ್ಕೆ ನಿಲ್ಲಲಿಲ್ಲ. ಕರ್ನಾಟಕ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನದಂಥ ಹಳೆಯ ಗ್ರಂಥಗಳನ್ನು ಓಲೆಗರಿಯಿಂದ ಅಚ್ಚಿಗೆ ತಂದರು. 1909ರಲ್ಲಿ ಶಾಸನಗಳಿಂದ ಕಂಡ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಒಂದೇ ಪುಸ್ತಕದಲ್ಲಿ ಕೊಟ್ಟರು. 1927ರ ಜುಲೈನಲ್ಲಿ ಲಂಡನ್ ಪಕ್ಕದ ಹ್ಯಾರೋದಲ್ಲಿ ತೀರಿಕೊಂಡಾಗ ಅವರಿಗೆ ಸುಮಾರು ತೊಂಬತ್ತು ವರ್ಷ.

ಈಗ ನಮ್ಮ ಕಡೆ ಏನಾಗಿದೆ ನೋಡಿ. ಕಲ್ಲಿನ ವಿಳಾಸ ಅಂದರೆ ಅದು ಶಾಶ್ವತ ಅಂತ ದಾನ ಕೊಟ್ಟವರು ನಂಬಿದ್ದರು. ಚಂದ್ರ ಸೂರ್ಯ ಇರುವವರೆಗೆ ನಡೆಯಲಿ ಅಂತ ಬರೆಸುತ್ತಿದ್ದರು. ಅಳಿಸಿದವನಿಗೆ ಗಂಗೆಯ ದಡದಲ್ಲಿ ಗೋವು ಕೊಂದ ಪಾಪ ಬರಲಿ ಅಂತ ಶಾಪವನ್ನೂ ಸೇರಿಸುತ್ತಿದ್ದರು. ಡಿಲೀಟ್ ಮಾಡಬೇಡಿ ಅನ್ನೋದಕ್ಕೆ ಇಷ್ಟು ಗಟ್ಟಿ ಎಚ್ಚರಿಕೆ ಯಾವ ಸಾಫ್ಟ್‌ವೇರ್ ಕೊಡುತ್ತೆ? ಆದರೂ ಕಲ್ಲುಗಳು ಹೋಗುತ್ತವೆ. ನಿಧಿ ಇದೆ ಅಂತ ಅಗೆದು ಒಡೆಯುವವರು ಇದ್ದಾರೆ. ಬಟ್ಟೆ ಒಗೆಯೋ ಕಲ್ಲಾಗುತ್ತೆ, ಚರಂಡಿಗೆ ಚಪ್ಪಡಿಯಾಗುತ್ತೆ, ರಸ್ತೆ ಅಗಲ ಮಾಡುವಾಗ ಮಣ್ಣಿನೊಳಗೆ ಸೇರುತ್ತೆ. ಇನ್ನು ಕೆಲವು ಗುಡಿ ಜೀರ್ಣೋದ್ಧಾರದ ಬಣ್ಣದ ಕೆಳಗೆ ಮುಚ್ಚಿಹೋಗುತ್ತವೆ. ಆಗ ಸಂಪುಟದ ಸಂಖ್ಯೆ ಮುರಿದ ಲಿಂಕ್ ಆಗುತ್ತೆ. ಆದರೆ ಪಠ್ಯ ಉಳಿದಿರುತ್ತೆ, ಯಾಕಂದರೆ ರೈಸ್ ಲಿಂಕ್ ಒಂದನ್ನೇ ನೆಚ್ಚಿಕೊಳ್ಳದೆ ಪ್ರತಿಯನ್ನೂ ಜೊತೆಗೆ ಇಟ್ಟಿದ್ದರು. ಕಲ್ಲು ಹೋದ ಊರಿಗೆ ತನ್ನ ಹಳೆಯ ಹೆಸರು, ತನ್ನ ಕೆರೆ ಕಟ್ಟಿಸಿದವನ ಹೆಸರು ಉಳಿದಿರೋದು ಆ ಪ್ರತಿಯಲ್ಲಿ ಮಾತ್ರ.

ಈ ಕೆಲಸ ಮುಂದುವರಿದಿದೆ ಅನ್ನೋದು ಸಂತೋಷ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಚಿನ ವರ್ಷಗಳಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ನೋಡೋ ಹಾಗೆ ಇಡುತ್ತಿದೆ. ಆ ಹುಡುಕಾಟಕ್ಕೆ ಮೊದಲ ಪಟ್ಟಿ ಸಿಗೋದು ರೈಸ್ ಸಂಪುಟದಿಂದ. ಸ್ಕ್ಯಾನ್‌ನಲ್ಲಿ ಕಣ್ಣಿಗೆ ಕಾಣದ ಸವೆದ ಅಕ್ಷರವೂ ಮೇಲೆದ್ದು ಬರುತ್ತೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬಂದ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಲ್ಲಿ ಎಷ್ಟು ಜನ ಇದ್ದಾರೆ! ರಜಕ್ಕೆ ಊರಿಗೆ ಹೋದಾಗ 12ನೇ ಸಂಪುಟದಲ್ಲಿ ನಿಮ್ಮೂರಿನ ಹೆಸರು ಹುಡುಕಿ. ಅಲ್ಲಿ ಹೇಳಿದ ಜಾಗಕ್ಕೆ ಹೋಗಿ ಕಲ್ಲು ಇದೆಯಾ ನೋಡಿ. ಇದ್ದರೆ ಫೋಟೋ, ಜಿಪಿಎಸ್ ಗುರುತು, ತಾರೀಕು ಬರೆದಿಡಿ. ಸುಣ್ಣ ಎಣ್ಣೆ ಹಚ್ಚಬೇಡಿ, ಉಜ್ಜಬೇಡಿ. ಇಲ್ಲದಿದ್ದರೆ ಇಲ್ಲ ಅಂತಲೂ ಬರೆದಿಡಿ, ಅದೂ ಮಾಹಿತಿಯೇ.

ಇನ್ನು ನಮ್ಮ ಫೈಲುಗಳ ಮಾತು. ಚಿಕ್ಕದಾದರೆ ಅಟ್ಯಾಚ್ ಮಾಡಿ, ಓದುವವರ ಕೈಯಲ್ಲಿ ಪ್ರತಿ ಇರುತ್ತೆ. ದೊಡ್ಡದಾದರೆ ಲಿಂಕ್ ಕೊಡಿ, ಆದರೆ ಬರೀ ಲಿಂಕ್ ಎಸೆಯಬೇಡಿ. ಫೈಲಿನ ಹೆಸರು, ತಾರೀಕು, ಅದರಲ್ಲಿ ಏನಿದೆ ಅನ್ನೋದನ್ನು ಎರಡು ಸಾಲಿನಲ್ಲಿ ಮೇಲ್‌ನಲ್ಲೇ ಬರೆಯಿರಿ. ಮುಖ್ಯ ಫಲಿತಾಂಶದ ಒಂದು ಪುಟವನ್ನಾದರೂ ಜೊತೆಗೆ ಅಂಟಿಸಿ. ಪಾಸಾದ ಮೇಲೆ ಮುಚ್ಚಿಹೋಗೋ ಅಕೌಂಟಿನಲ್ಲಿ ತಂಡದ ನಾಲ್ಕು ವರ್ಷದ ದುಡಿಮೆ ಇಡಬೇಡಿ. ತಿಂಗಳಾದ ಮೇಲೆ ಲಿಂಕ್ ಒತ್ತಿ ನೋಡಿ. ಜೂನಿಯರ್‌ಗಳು ನಿಮ್ಮ ತಪ್ಪನ್ನು ಹುಡುಕಿ ತಿದ್ದುವಂತೆ ಮೂಲ ಡೇಟಾವನ್ನೂ ಕೊಡಿ.

ರೈಸ್ ಸಾಹೇಬರ ಕೈಯಲ್ಲಿ ಸರ್ವರ್ ಇರಲಿಲ್ಲ. ಒದ್ದೆ ಕಾಗದ, ಮಸಿ, ಬ್ರಷ್ಷು, ಓಡಾಡೋಕೆ ಕುದುರೆ ಗಾಡಿಯ ಕಾಲದ ರಸ್ತೆ, ನಲವತ್ತು ವರ್ಷಕ್ಕೂ ಮೀರಿದ ತಾಳ್ಮೆ ಇತ್ತು. ಅವರು ಬರೆದ ವಿಳಾಸ ಹಿಡಿದು ಇವತ್ತಿಗೂ ನಿಡುಗಲ್ಲು ಬೆಟ್ಟ ಹತ್ತಬಹುದು.